ಮಾಲು ಸುಟ್ಟಿತು, ಕಡತ ಉಳಿಯಿತು

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ನಂದಿಕೂರು ಸಿಗುತ್ತದೆ. ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಆಸ್ಪತ್ರೆ ತ್ಯಾಜ್ಯ ಸುಡುವ ಘಟಕವೊಂದಿದೆ. ಆಗಾಗ, ಅದರಲ್ಲೂ ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಆಸುಪಾಸಿನಲ್ಲಿ, ಅದರ ಗೇಟಿನೊಳಗೆ ಪೊಲೀಸ್ ವಾಹನಗಳು ಬಂದು ನಿಲ್ಲುತ್ತವೆ. ಅರಗಿನ ಮುದ್ರೆ ಒತ್ತಿದ ಪೊಟ್ಟಣಗಳು, ಗೋಣಿಚೀಲಗಳು ಇಳಿಯುತ್ತವೆ. ಚೀಟಿಯ ಮೇಲಿನ ಕ್ರೈಂ ನಂಬರ್ ಓದಿ, ತೂಕ ಹಾಕಿ, ಪಟ್ಟಿಯೊಂದಿಗೆ ತಾಳೆ ನೋಡಿ, ಫೋಟೊ ಹಿಡಿದು ಕುಲುಮೆಗೆ ಹಾಕುತ್ತಾರೆ. ಠಾಣೆಗಳಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೂಲೆ ಹಿಡಿದಿದ್ದ ಗಾಂಜಾ ಸ್ವಲ್ಪ ಹೊತ್ತಿನಲ್ಲೇ ಬೂದಿ. ಮರುದಿನದ ಪತ್ರಿಕೆಯಲ್ಲಿ ಮೂಟೆಗಳ ಹಿಂದೆ ಅಧಿಕಾರಿಗಳು ಸಾಲಾಗಿ ನಿಂತ ಚಿತ್ರ.

ವಶಪಡಿಸಿಕೊಂಡ ಮಾಲನ್ನು ಹೀಗೆ ವಿಲೇವಾರಿ ಮಾಡಲು ಕಾನೂನಿದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ 52ಎ ಸೆಕ್ಷನ್ ಅದಕ್ಕೆ ಆಧಾರ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವಿವರವಾದ ನಿಯಮಗಳನ್ನೂ ಹೊರಡಿಸಿದೆ. ವಿಲೇವಾರಿ ಸಮಿತಿ ಇರಬೇಕು, ಮ್ಯಾಜಿಸ್ಟ್ರೇಟರ ದೃಢೀಕರಣ ಬೇಕು, ಪಟ್ಟಿ ಬೇಕು, ಚಿತ್ರ ಬೇಕು. ಆದರೆ ಆ ಪೊಟ್ಟಣದ ಜೊತೆ ಸಿಕ್ಕಿಬಿದ್ದ, ಹದಿನೆಂಟು ದಾಟಿದ ಹುಡುಗನ ಹೆಸರಿರುವ ಕಡತವನ್ನು ಎಷ್ಟು ವರ್ಷಕ್ಕೆ ಮುಚ್ಚಿಡಬೇಕು ಎಂಬುದಕ್ಕೆ ಯಾವ ನಿಯಮವೂ ಇಲ್ಲ.

ಅಮೆರಿಕದಲ್ಲಿ ಕೆಲವು ವರ್ಷಗಳಿಂದ ಈ ಕಡತದ ಮೇಲೆಯೇ ರಾಜಕೀಯ ಜಗಳ ನಡೆದಿದೆ. ಸ್ವಂತಕ್ಕೆಂದು ಒಂದಿಷ್ಟು ಗಾಂಜಾ ಇಟ್ಟುಕೊಂಡು ಎಂದೋ ಶಿಕ್ಷೆಗೊಳಗಾದವರಿಗೆ ಈಗ ಕ್ಷಮಾದಾನ ಕೊಡಬೇಕೆ ಎಂಬುದು ಅಲ್ಲಿಯ ಪ್ರಶ್ನೆ. ಆ ಸುದ್ದಿ ನಮ್ಮೂರಿಗೆ ಬಂದು ಮುಟ್ಟುವ ಹೊತ್ತಿಗೆ ‘ಅಮೆರಿಕದಲ್ಲಿ ಗಾಂಜಾ ಫ್ರೀ’ ಎಂದಾಗಿರುತ್ತದೆ. ಅಲ್ಲಿ ನಡೆದದ್ದು ಏನು? ಉಡುಪಿ, ಮಣಿಪಾಲ, ಕಾಪು, ಕಾರ್ಕಳದಲ್ಲಿ ಕೇಸು ಹಾಕಿಸಿಕೊಂಡವರಿಗೆ ಅಂಥ ದಾರಿ ಇದೆಯೆ? ಇರಬೇಕೆ?

ನಾಲ್ಕು ಸಾಲಿನ ಸುದ್ದಿ

ಕರಾವಳಿಯ ಪತ್ರಿಕೆ ಓದುವವರಿಗೆ ಈ ಸುದ್ದಿಯ ಮಾದರಿ ಬಾಯಿಪಾಠ. ಗಸ್ತಿನಲ್ಲಿದ್ದ ಪೊಲೀಸರಿಗೆ ಮಣಿಪಾಲದ ಅಪಾರ್ಟ್‌ಮೆಂಟಿನ ಹತ್ತಿರವೋ, ಕಾಪು ಬೀಚಿನ ಬದಿಯಲ್ಲೋ, ಕಾರ್ಕಳದ ಬಸ್ ನಿಲ್ದಾಣದ ಹಿಂದೆಯೋ ಯುವಕನೊಬ್ಬ ಅಮಲಿನಲ್ಲಿದ್ದಂತೆ ಕಂಡ. ವಶಕ್ಕೆ ಪಡೆದು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿದಾಗ ಗಾಂಜಾ ಸೇವನೆ ದೃಢಪಟ್ಟಿತು. ಪ್ರಕರಣ ದಾಖಲಾಗಿದೆ. ಹೆಸರು, ವಯಸ್ಸು, ಊರು. ಅಲ್ಲಿಗೆ ಸುದ್ದಿ ಮುಗಿಯಿತು.

ಇಂಥ ಎಷ್ಟೋ ಪ್ರಕರಣಗಳಲ್ಲಿ ಮಾಲು ಸಿಕ್ಕಿರುವುದೇ ಇಲ್ಲ. ಸೇದಿದ್ದೇ ಅಪರಾಧ, ಸಾಕ್ಷ್ಯ ಆತನ ದೇಹದೊಳಗೇ ಇರುತ್ತದೆ. ಗಾಂಜಾದ ಕುರುಹು ಅಪರೂಪಕ್ಕೆ ಸೇದಿದವನ ಮೂತ್ರದಲ್ಲಿ ಕೆಲವು ದಿನ, ನಿತ್ಯ ಸೇದುವವನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಪರೀಕ್ಷೆ ಪಾಸಿಟಿವ್ ಬಂದರೆ ಈಚೆಗೆ ಎಂದೋ ಸೇದಿದ್ದಾನೆ ಎಂದು ತಿಳಿಯುತ್ತದೆ. ಸಿಕ್ಕಿಬಿದ್ದ ಹೊತ್ತಿಗೆ ಅಮಲಿನಲ್ಲಿದ್ದನೆ, ಎಲ್ಲಿ ಸೇದಿದ ಎಂಬುದು ಅದರಿಂದ ತಿಳಿಯದು. ವಿಚಾರಣೆ ನಡೆದರೆ ವಕೀಲರು ಇಂಥ ಪ್ರಶ್ನೆಗಳನ್ನು ಎತ್ತಬಹುದು. ವಿಚಾರಣೆಯ ತನಕ ಹೋಗುವವರು ಕಡಿಮೆ. ಕೋರ್ಟಿನ ವರಾಂಡದಲ್ಲಿ ನಡೆಯುವ ಮಾತು ಸಾಧಾರಣ ಹೀಗಿರುತ್ತದೆ:

“ಎಂತ ಮಾಡುವುದು ವಕೀಲರೇ? ಮಗನಿಗೆ ಮುಂದಿನ ವಾರ ಪರೀಕ್ಷೆ ಉಂಟು.”

“ಒಪ್ಪಿಕೊಂಡರೆ ದಂಡ ಹಾಕಿ ಬಿಡ್ತಾರೆ, ಇವತ್ತೇ ಮುಗೀತದೆ. ಇಲ್ಲದಿದ್ರೆ ತಾರೀಕು ತಾರೀಕಿಗೆ ಬರ್ತಾ ಇರಬೇಕಾಗ್ತದೆ.”

“ಹಾಗಾದ್ರೆ ಕಟ್ಟಿಬಿಡುವ.”

ಹುಡುಗ ತಪ್ಪೊಪ್ಪಿಕೊಳ್ಳುತ್ತಾನೆ. ತಂದೆ ದಂಡ ಕಟ್ಟಿ ರಶೀದಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಮನೆಯವರ ಲೆಕ್ಕದಲ್ಲಿ ಇದು ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟಿದ ದಂಡದ ಹಾಗೆ. ಕಾನೂನಿನ ಲೆಕ್ಕದಲ್ಲಿ ಆತ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧಿ ಎಂದು ತೀರ್ಮಾನವಾದವನು.

ಸೇದಿದವ ಬೇರೆ, ಇಟ್ಟುಕೊಂಡವ ಬೇರೆ

ಗಾಂಜಾ ಸೇದುವುದು 27ನೇ ಸೆಕ್ಷನ್ನಿನಡಿ ಬರುತ್ತದೆ. ಗರಿಷ್ಠ ಆರು ತಿಂಗಳ ಜೈಲು, ಇಲ್ಲವೇ 10,000 ರೂಪಾಯಿಯ ತನಕ ದಂಡ, ಇಲ್ಲವೇ ಎರಡೂ. ಗಾಂಜಾ ಇಟ್ಟುಕೊಳ್ಳುವುದು 20ನೇ ಸೆಕ್ಷನ್. ಅಲ್ಲಿ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಒಂದು ಕಿಲೋ ತನಕ ‘ಅಲ್ಪ ಪ್ರಮಾಣ’: ಒಂದು ವರ್ಷದ ತನಕ ಕಠಿಣ ಸಜೆ ಅಥವಾ 10,000 ರೂಪಾಯಿಯ ತನಕ ದಂಡ ಅಥವಾ ಎರಡೂ. 20 ಕಿಲೋ ಮೀರಿದರೆ ‘ವಾಣಿಜ್ಯ ಪ್ರಮಾಣ’: ಹತ್ತರಿಂದ ಇಪ್ಪತ್ತು ವರ್ಷ ಜೈಲು, ಒಂದರಿಂದ ಎರಡು ಲಕ್ಷ ದಂಡ. ನಡುವಿನದಕ್ಕೆ ಹತ್ತು ವರ್ಷದ ತನಕ.

ಹತ್ತು ಗ್ರಾಮಿನ ಪೊಟ್ಟಣ ಇಟ್ಟುಕೊಂಡ ವಿದ್ಯಾರ್ಥಿಯೂ ಒಂಬೈನೂರು ಗ್ರಾಂ ಹೊತ್ತು ತಂದು ಮಾರುವವನೂ ಇಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮೊದಲು ಹೀಗಿರಲಿಲ್ಲ. ಸ್ವಂತ ಬಳಕೆಗೆಂದು ಅಲ್ಪ ಪ್ರಮಾಣ ಇಟ್ಟುಕೊಂಡವನೂ ಆಗ 27ನೇ ಸೆಕ್ಷನ್ನಿನ ನೆರಳಿಗೇ ಬರುತ್ತಿದ್ದ. 2001ರ ತಿದ್ದುಪಡಿ ಎಲ್ಲವನ್ನೂ ತೂಕಕ್ಕೆ ಕಟ್ಟಿತು. ಭಾರೀ ಶಿಕ್ಷೆಯನ್ನು ಭಾರೀ ಮಾಲಿಗೆ ಮೀಸಲಿಡುವ ಒಳ್ಳೆಯ ಉದ್ದೇಶ ಅದಕ್ಕಿತ್ತು. ಆದರೆ ಸೇದುವವನನ್ನೂ ಇಟ್ಟುಕೊಂಡವನನ್ನೂ ಅದು ಬೇರೆ ಬೇರೆ ಮಾಡಿತು.

ಇದರ ಪರಿಣಾಮ ಕಾಣುವುದು ಬೇರೆ ಎರಡು ಸೆಕ್ಷನ್‌ಗಳಲ್ಲಿ. 33ನೇ ಸೆಕ್ಷನ್ ಪ್ರಕಾರ ಈ ಕಾಯ್ದೆಯ ಅಪರಾಧಿಗಳಿಗೆ ಪ್ರೊಬೇಷನ್ ಇಲ್ಲ, ಅಂದರೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವಂತಿಲ್ಲ. ಹದಿನೆಂಟರೊಳಗಿನವರಿಗೆ, ಹಾಗೂ 26 ಮತ್ತು 27ನೇ ಸೆಕ್ಷನ್ನಿನವರಿಗೆ ಮಾತ್ರ ರಿಯಾಯಿತಿ. 32ಎ ಸೆಕ್ಷನ್ ಶಿಕ್ಷೆ ಕಡಿತವನ್ನೂ ನಿಷೇಧಿಸುತ್ತದೆ. ಅಲ್ಲಿಯೂ ಹೊರತಾಗಿರುವುದು 27 ಒಂದೇ. ಸೇದಿ ಸಿಕ್ಕಿಬಿದ್ದವನಿಗೆ ತೆರೆದಿರುವ ಬಾಗಿಲು, ಸೇದುವ ಮೊದಲೇ ಕಿಸೆಯಲ್ಲಿ ಪೊಟ್ಟಣದ ಸಮೇತ ಸಿಕ್ಕಿಬಿದ್ದವನಿಗೆ ಮುಚ್ಚಿದೆ.

ಅಂಗಡಿಯಿಂದ ಅಪರಾಧಕ್ಕೆ

ಗಾಂಜಾ ನಮ್ಮಲ್ಲಿ ಎಂದಿನಿಂದಲೂ ಅಪರಾಧವಾಗಿತ್ತು ಎಂದುಕೊಂಡವರು ಬಹಳ. ಬ್ರಿಟಿಷರ ಕಾಲದಲ್ಲಿ ಅದು ಅಬಕಾರಿ ಆದಾಯದ ಬಾಬತ್ತು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಉಡುಪಿ, ಕಾರ್ಕಳ ಇದ್ದವು. ಪ್ರಾಂತ್ಯದಲ್ಲಿ ಪರವಾನಗಿ ಪಡೆದ ಅಂಗಡಿಗಳಲ್ಲಿ ಗಾಂಜಾ ಮಾರಾಟವಾಗುತ್ತಿತ್ತು. ಇದನ್ನು ನಿಲ್ಲಿಸಬೇಕೆ ಎಂದು ನೋಡಲು 1893ರಲ್ಲಿ ಸರ್ಕಾರ ಒಂದು ಆಯೋಗ ನೇಮಿಸಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ ಮುಗಿಸಿದ ಆಯೋಗ, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿ ಹೌದು, ಪೂರ್ಣ ನಿಷೇಧದ ಅಗತ್ಯವಿಲ್ಲ, ಸುಂಕ ಮತ್ತು ಪರವಾನಗಿಯಿಂದ ಹತೋಟಿ ಸಾಕು ಎಂದು ವರದಿ ಕೊಟ್ಟಿತು.

ತಿರುವು ಬಂದದ್ದು 1961ರಲ್ಲಿ, ವಿಶ್ವಸಂಸ್ಥೆಯ ಮಾದಕ ದ್ರವ್ಯ ಒಪ್ಪಂದದಿಂದ. ಗಾಂಜಾವನ್ನು ನಿಲ್ಲಿಸಲು ಭಾರತದಂಥ ದೇಶಗಳಿಗೆ 25 ವರ್ಷದ ಗಡುವು ಸಿಕ್ಕಿತು. ಗಡುವು ಸಮೀಪಿಸುತ್ತಿದ್ದಂತೆ ರಾಜೀವ್ ಗಾಂಧಿ ಸರ್ಕಾರ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಂದಿತು. ಆ ವರ್ಷದ ನವೆಂಬರ್ 14ರಂದು ಅದು ಜಾರಿಯಾಯಿತು. ಗಿಡದ ಹೂತೆನೆ ಗಾಂಜಾ, ಅದರ ಅಂಟು ಚರಸ್, ಇವೆರಡೂ ನಿಷಿದ್ಧ. ಹೂ ಸೇರದ ಬರೀ ಎಲೆ ಮತ್ತು ಬೀಜ ಕಾಯ್ದೆಯ ವ್ಯಾಖ್ಯೆಯಿಂದ ಹೊರಗೆ. ಹಾಗಾಗಿ ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯಡಿ ಬರುವುದಿಲ್ಲ. 2022ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಒಂದು ಪ್ರಕರಣದಲ್ಲಿ ಜಾಮೀನು ಕೊಡುವಾಗ ಇದನ್ನೇ ಹೇಳಿತು.

ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ ದೇಶದ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಈ ಗಿಡದ ಯಾವುದಾದರೊಂದು ರೂಪವನ್ನು ಬಳಸಿದ್ದರು. ಅದರಲ್ಲಿ ಗಾಂಜಾ, ಚರಸ್ ಬಳಸಿದವರು ಸುಮಾರು 1.3 ಕೋಟಿ. ಅಷ್ಟೂ ಜನ 27ನೇ ಸೆಕ್ಷನ್ನಿನ ಅಪರಾಧಿಗಳೇ; ಕೇಸು ಬೀಳುವುದು ಗಸ್ತಿನ ಜೀಪಿಗೆ ಕಂಡವರ ಮೇಲೆ. ಮುಂಬೈಯ ಮ್ಯಾಜಿಸ್ಟ್ರೇಟ್ ಕೋರ್ಟುಗಳ 2017–18ರ ಹತ್ತು ಸಾವಿರಕ್ಕೂ ಹೆಚ್ಚು ಕಡತಗಳನ್ನು ವಿಧಿ ಎಂಬ ಕಾನೂನು ಅಧ್ಯಯನ ಸಂಸ್ಥೆ ಪರಿಶೀಲಿಸಿದಾಗ ಅವುಗಳಲ್ಲಿ ಬಹುಪಾಲು ಗಾಂಜಾ ಸೇವನೆಯವೇ ಆಗಿದ್ದವು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಕೂಲಿಯವರು, ಕೊಳೆಗೇರಿಯವರು. ಬೀದಿಯಲ್ಲಿ ಬದುಕುವವನಿಗೆ ಮುಚ್ಚಿಕೊಳ್ಳಲು ಬಾಗಿಲಿಲ್ಲ.

ಅಮೆರಿಕದಲ್ಲಿ ಆದದ್ದು

2022ರ ಅಕ್ಟೋಬರ್ 6ರಂದು ಆಗಿನ ಅಧ್ಯಕ್ಷ ಜೋ ಬೈಡನ್ ಒಂದು ಘೋಷಣೆ ಹೊರಡಿಸಿದರು. ಫೆಡರಲ್ ಕಾನೂನಿನಡಿ ಬರೀ ಗಾಂಜಾ ಇಟ್ಟುಕೊಂಡದ್ದಕ್ಕೆ ಶಿಕ್ಷೆಗೊಳಗಾದ ಎಲ್ಲರಿಗೂ ಕ್ಷಮಾದಾನ. ಸುಮಾರು 6,500 ಜನರಿಗೆ ಇದು ಅನ್ವಯವಾಗುತ್ತದೆ ಎಂದು ಶ್ವೇತಭವನ ಹೇಳಿತು. ಜೈಲಿನ ಬಾಗಿಲು ತೆರೆದು ಯಾರೂ ಹೊರಬರಲಿಲ್ಲ; ಈ ಒಂದೇ ಕಾರಣಕ್ಕೆ ಆಗ ಫೆಡರಲ್ ಜೈಲಿನಲ್ಲಿ ಯಾರೂ ಇರಲಿಲ್ಲ. ಕ್ಷಮಿಸಿದ್ದು ಹಳೆಯ ದಾಖಲೆಯನ್ನು. 2023ರ ಡಿಸೆಂಬರಿನಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿದರು.

ಮಾರಿದವರು, ಮಾರಲು ಇಟ್ಟುಕೊಂಡವರು ಇದರಲ್ಲಿ ಸೇರಲಿಲ್ಲ. ಕ್ಷಮೆ ಸಿಕ್ಕಿದ್ದು ಅಲ್ಲಿಯ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ. ಫೆಡರಲ್ ಕಾನೂನಿನಲ್ಲಿ ಗಾಂಜಾ ಮಾತ್ರ ನಿಷಿದ್ಧವಾಗಿಯೇ ಉಳಿಯಿತು. ಹಾಗಾಗಿ ‘ಫ್ರೀ’ ಎಂಬ ಮಾತು ಸುಳ್ಳು. ಅಲ್ಲಿ ಇಂಥ ಕೇಸುಗಳ ಬಹುಪಾಲು ಇರುವುದು ರಾಜ್ಯಗಳಲ್ಲಿ. ಅದಕ್ಕೇ ಬೈಡನ್ ಗವರ್ನರುಗಳಿಗೂ ಕರೆ ಕೊಟ್ಟರು. ಮುಂದಿನ ತಿಂಗಳು ಒರೆಗಾನ್ ಸುಮಾರು 45,000 ಜನರನ್ನು ಕ್ಷಮಿಸಿತು. 2024ರ ಜೂನಿನಲ್ಲಿ ಮೇರಿಲ್ಯಾಂಡ್ ಒಂದೇ ಸಹಿಯಲ್ಲಿ 1,75,000ಕ್ಕೂ ಹೆಚ್ಚು ಶಿಕ್ಷೆಗಳನ್ನು ಮನ್ನಿಸಿತು.

ಮೊದಲ ಘೋಷಣೆ ಬಂದದ್ದು ಮಧ್ಯಂತರ ಚುನಾವಣೆಗೆ ತಿಂಗಳಿರುವಾಗ. ಮತಕ್ಕಾಗಿ ಮಾಡಿದ ನಾಟಕ ಎಂದು ವಿರೋಧಿಗಳು ಆಡಿದರು. ಮಾಡಿದ್ದು ಸಾಲದು, ಕ್ಷಮಿಸಿದ ಮೇಲೂ ದಾಖಲೆ ಅಳಿಸಿಹೋಗುವುದಿಲ್ಲವಲ್ಲ ಎಂದು ಬೆಂಬಲಿಗರೂ ಗೊಣಗಿದರು. ಈ ಗೊಣಗಾಟದಲ್ಲಿ ಹುರುಳಿದೆ. ಅಮೆರಿಕದ ಕ್ಷಮಾದಾನ ಶಿಕ್ಷೆಯನ್ನು ಮನ್ನಿಸುತ್ತದೆಯೇ ಹೊರತು ಕೋರ್ಟಿನ ಕಡತದಿಂದ ಹೆಸರು ತೆಗೆಯುವುದಿಲ್ಲ.

ದಾಖಲೆಗೇ ಕೈಹಾಕಿದವರೂ ಇದ್ದಾರೆ. ಗಾಂಜಾವನ್ನು 2018ರಲ್ಲಿ ಸಕ್ರಮಗೊಳಿಸಿದ ಕೆನಡಾ, ಮರುವರ್ಷ ಹಳೆಯ ಕೇಸುಗಳ ದಾಖಲೆಯನ್ನು ಶುಲ್ಕವಿಲ್ಲದೆ ಬದಿಗಿಡುವ ಕಾನೂನು ಮಾಡಿತು. ಆದರೆ ಅರ್ಜಿ ಹಾಕಬೇಕು, ಬೆರಳಚ್ಚು ಕೊಡಬೇಕು, ಹಳೆಯ ಕೋರ್ಟಿನಿಂದ ಕಾಗದ ತರಬೇಕು. ಮೊದಲ ಎರಡು ವರ್ಷಗಳಲ್ಲಿ ಪ್ರಯೋಜನ ಪಡೆದವರು ಐನೂರರ ಗಡಿಯನ್ನೂ ದಾಟಲಿಲ್ಲ. ಕ್ಯಾಲಿಫೋರ್ನಿಯಾ 2018ರ ಕಾನೂನಿನಲ್ಲಿ ಇದನ್ನು ತಲೆಕೆಳಗು ಮಾಡಿತು: ಅರ್ಹರನ್ನು ಹುಡುಕುವ ಕೆಲಸ ಸರ್ಕಾರದ್ದು, ಯಾರೂ ಅರ್ಜಿ ಹಿಡಿದು ಬರಬೇಕಾಗಿಲ್ಲ.

ನಮ್ಮಲ್ಲಿ ಕ್ಷಮಿಸುವವರು ಯಾರು?

ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೂ 161ನೇ ವಿಧಿ ರಾಜ್ಯಪಾಲರಿಗೂ ಕ್ಷಮಾದಾನದ ಅಧಿಕಾರ ಕೊಟ್ಟಿವೆ. ಇಬ್ಬರೂ ನಡೆಯಬೇಕಾದ್ದು ಮಂತ್ರಿಮಂಡಲದ ಸಲಹೆಯಂತೆ. ಶಿಕ್ಷೆ ಕಡಿತವನ್ನು ನಿಷೇಧಿಸುವ 32ಎ ಸೆಕ್ಷನ್ ಈ ಅಧಿಕಾರವನ್ನು ಕಟ್ಟಿಹಾಕಲಾರದು; ಸಂವಿಧಾನ ಕೊಟ್ಟದ್ದನ್ನು ಸಾಧಾರಣ ಕಾಯ್ದೆ ಕಿತ್ತುಕೊಳ್ಳಲಾಗದು. ಆ ಸೆಕ್ಷನ್ನನ್ನು 2000ದಲ್ಲಿ ಪರಿಶೀಲಿಸಿದ ಸುಪ್ರೀಂ ಕೋರ್ಟ್, ಮೇಲ್ಮನವಿ ಹಂತದಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಡುವ ಕೋರ್ಟಿನ ಅಧಿಕಾರವನ್ನು ಕಸಿಯುವಷ್ಟು ಭಾಗವನ್ನು ಹೊಡೆದುಹಾಕಿತು.

ಅಧಿಕಾರವೇನೋ ಇದೆ. ಆದರೆ ನಮ್ಮಲ್ಲಿ ಕ್ಷಮಾದಾನವೆಂದರೆ ಗಲ್ಲು ಶಿಕ್ಷೆಯವರ ಅರ್ಜಿ, ಇಲ್ಲವೇ ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಗೆ ಸನ್ನಡತೆಯ ಕೈದಿಗಳ ಬಿಡುಗಡೆ. 2018ರಲ್ಲಿ ಗಾಂಧೀಜಿಯ 150ನೇ ಜಯಂತಿಯ ನಿಮಿತ್ತ ಕೇಂದ್ರ ವಿಶೇಷ ಬಿಡುಗಡೆ ಘೋಷಿಸಿದಾಗ, ಭಯೋತ್ಪಾದನೆ, ಅತ್ಯಾಚಾರ, ವರದಕ್ಷಿಣೆ ಸಾವಿನ ಅಪರಾಧಿಗಳ ಜೊತೆಗೆ ಎನ್‌ಡಿಪಿಎಸ್ ಅಪರಾಧಿಗಳನ್ನೂ ಪಟ್ಟಿಯಿಂದ ಹೊರಗಿಟ್ಟಿತು.

ಇನ್ನು ದಂಡ ಕಟ್ಟಿ ಮನೆಗೆ ಹೋದವನಿಗೆ ಕ್ಷಮಾದಾನದಿಂದ ಆಗಬೇಕಾದ್ದೇನು? ಆತ ಜೈಲಿನಲ್ಲಿಲ್ಲ. ಆತನಿಗೆ ಬೇಕಾದ್ದು ದಾಖಲೆಯಿಂದ ಬಿಡುಗಡೆ. ರಾಷ್ಟ್ರಪತಿಯ ಕ್ಷಮೆ ಕೋರ್ಟಿನ ತೀರ್ಪನ್ನು ತಿದ್ದುವುದಿಲ್ಲ, ಎರಡೂ ಬೇರೆ ನೆಲೆಯವು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಕೇಹರ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಬೈಡನ್ ಮಾದರಿಯನ್ನು ಹಾಗೆಯೇ ಇಲ್ಲಿಗೆ ತಂದರೂ ಮಣಿಪಾಲದ ಹುಡುಗನ ಕಡತ ಇದ್ದಲ್ಲೇ ಇರುತ್ತದೆ.

ದಂಡ ಕಟ್ಟಿದ ಮೇಲೆ

ಉಡುಪಿ ಜಿಲ್ಲೆಯ ಮನೆಗಳಲ್ಲಿ ಓದು ಮುಗಿದ ಕೂಡಲೇ ಏಳುವ ಪ್ರಶ್ನೆ ಎಲ್ಲಿಗೆ ಹೋಗುವುದು ಎಂದು. ಗಲ್ಫ್, ಹಡಗು, ನರ್ಸಿಂಗ್, ಮೇಲಿನ ಓದಿಗೆ ವಿದೇಶ. ಎಲ್ಲದಕ್ಕೂ ಪಾಸ್‌ಪೋರ್ಟ್, ಕೆಲವಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಸಣ್ಣ ಕೇಸಿನ ತೂಕ ಗೊತ್ತಾಗುವುದು ಇಲ್ಲಿ.

ಪಾಸ್‌ಪೋರ್ಟ್ ಕಾಯ್ದೆ ಜನ ಹೆದರುವಷ್ಟು ಕಠಿಣವಲ್ಲ. ಶಿಕ್ಷೆಯಾದ ಕಾರಣಕ್ಕೆ ನಿರಾಕರಿಸಬೇಕಾದರೆ ಅದು ಹಿಂದಿನ ಐದು ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಆದ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಶಿಕ್ಷೆಯಾಗಿರಬೇಕು. ದಂಡ ಕಟ್ಟಿದ ಸೇವನೆ ಕೇಸು ಆ ಮಟ್ಟ ಮುಟ್ಟುವುದಿಲ್ಲ. ತೊಡಕಾಗುವುದು ಕೇಸು ಬಾಕಿ ಇರುವಾಗ. ಆಗ ಕೋರ್ಟಿನ ಅನುಮತಿ ತರಬೇಕು. ಒಪ್ಪಿಕೊಂಡು ಬೇಗ ಮುಗಿಸಿಬಿಡುವ ಆಸೆಗೆ ಇದೂ ಒಂದು ಕಾರಣ.

ವೀಸಾದ ಕತೆ ಬೇರೆ. ಅಮೆರಿಕದ ವೀಸಾ ಅರ್ಜಿಯಲ್ಲಿ, ನೀವು ಎಂದಾದರೂ ಬಂಧನಕ್ಕೆ ಅಥವಾ ಶಿಕ್ಷೆಗೆ ಒಳಗಾಗಿದ್ದೀರಾ ಎಂಬ ಪ್ರಶ್ನೆಯಿದೆ. ಕ್ಷಮಾದಾನ ಸಿಕ್ಕಿದ್ದರೂ ಹೇಳಲೇಬೇಕು ಎಂಬ ಸೂಚನೆಯೂ ಆ ಪ್ರಶ್ನೆಯೊಳಗೇ ಇದೆ. ಮಾದಕ ವಸ್ತುವಿನ ಸಣ್ಣ ಶಿಕ್ಷೆಯೂ ಅಲ್ಲಿ ಪ್ರವೇಶಕ್ಕೆ ಅಡ್ಡಿ. ಬೇರೆ ದೇಶ ಕೊಟ್ಟ ಕ್ಷಮೆಯನ್ನು ಅಲ್ಲಿಯ ವಲಸೆ ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತನ್ನ ಸಾವಿರಾರು ಪ್ರಜೆಗಳನ್ನು ಮನ್ನಿಸಿದ ದೇಶವೇ ಅದೇ ತಪ್ಪಿಗೆ ಹೊರಗಿನವನನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ.

ಸರ್ಕಾರಿ ಕೆಲಸದ ದೃಢೀಕರಣ ನಮೂನೆಯಲ್ಲೂ ಇಂಥದ್ದೇ ಪ್ರಶ್ನೆ ಇರುತ್ತದೆ. ಹಲವರು ಹೆದರಿ ‘ಇಲ್ಲ’ ಎಂದು ಬರೆಯುತ್ತಾರೆ. ಮುಚ್ಚಿಟ್ಟದ್ದು ಬಯಲಾದಾಗ ಕೆಲಸಕ್ಕೆ ಕುತ್ತು ಬರುವುದು ಸುಳ್ಳಿನಿಂದ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಒಂದಿಷ್ಟು ಸಮಾಧಾನ ಕೊಟ್ಟಿತು: ಹರೆಯದಲ್ಲಿ ಮಾಡಿದ ಕ್ಷುಲ್ಲಕ ಅಪರಾಧವಾದರೆ, ಅದನ್ನು ಹೇಳದೆ ಬಿಟ್ಟಿದ್ದರೂ ಕೆಲಸ ಕೊಡುವವರು ಮನ್ನಿಸುವ ವಿವೇಚನೆ ಬಳಸಬಹುದು. ಎನ್‌ಡಿಪಿಎಸ್ ಎಂಬ ಹೆಸರು ಕಂಡ ಅಧಿಕಾರಿ ಅದನ್ನು ಕ್ಷುಲ್ಲಕ ಎಂದು ಕಾಣುತ್ತಾರೆಯೇ ಎಂಬುದು ಆಯಾ ಅಧಿಕಾರಿಗೆ ಬಿಟ್ಟದ್ದು.

ಕಡೆಯದು ಅಂತರ್ಜಾಲ. ಹಿಂದೆ ನಾಲ್ಕು ಸಾಲಿನ ಸುದ್ದಿ ಮರುದಿನ ಕಡಲೆ ಕಟ್ಟುವ ಕಾಗದವಾಗುತ್ತಿತ್ತು. ಈಗ ಹೆಸರು, ವಯಸ್ಸು, ಊರಿನ ಸಮೇತ ಸುದ್ದಿತಾಣದಲ್ಲಿ ಕೂತಿರುತ್ತದೆ. ಮದುವೆ ಸಂಬಂಧ ನೋಡುವವರೂ ಕೆಲಸ ಕೊಡುವವರೂ ಮೊದಲು ಹುಡುಕುವುದು ಅಲ್ಲಿಯೇ. ಕೇಸು ಖುಲಾಸೆಯಾದರೆ ಆ ಸುದ್ದಿ ಪ್ರಕಟವಾಗುವುದು ವಿರಳ.

ಎರಡೂ ಪಕ್ಷಗಳ ಮೌನ

2021ರ ಅಕ್ಟೋಬರಿನಲ್ಲಿ ಮುಂಬೈಯ ಹಡಗಿನ ಮಾದಕ ವಸ್ತು ಪ್ರಕರಣದಲ್ಲಿ ಚಿತ್ರನಟರ ಮಗನೊಬ್ಬನ ಬಂಧನವಾಗಿ ದೇಶವೇ ಅದನ್ನು ಚರ್ಚಿಸುತ್ತಿತ್ತು. ಅದೇ ತಿಂಗಳು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ, ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ತೆಗೆದು ಅಂಥವರನ್ನು ಚಿಕಿತ್ಸೆಗೆ ಕಳಿಸಬೇಕೆಂದು ಕಂದಾಯ ಇಲಾಖೆಗೆ ಸಲಹೆ ಕೊಟ್ಟದ್ದು ವರದಿಯಾಯಿತು. ಡಿಸೆಂಬರಿನಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದದ್ದೂ ಹೌದು. ಅದು ತಿದ್ದಿದ್ದು 2014ರಲ್ಲಿ ನುಸುಳಿದ್ದ ಒಂದು ಕರಡಿನ ದೋಷವನ್ನು ಮಾತ್ರ.

ಪಟಿಯಾಲದ ಸಂಸದರಾಗಿದ್ದ ಧರ್ಮವೀರ ಗಾಂಧಿ ಸಾಂಪ್ರದಾಯಿಕ ಮಾದಕಗಳಿಗೆ ಸಡಿಲಿಕೆ ಕೋರಿ ಖಾಸಗಿ ಮಸೂದೆ ಸಿದ್ಧಪಡಿಸಿದ್ದರು. ಹಿಮಾಚಲ ಪ್ರದೇಶ 2023ರಿಂದ ಔಷಧ ಮತ್ತು ಕೈಗಾರಿಕೆಗಾಗಿ ಗಾಂಜಾ ಬೆಳೆಯ ಬಗ್ಗೆ ಹೆಜ್ಜೆ ಇಡುತ್ತಿದೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ಕೈಬಿಡಲು ಮತ ಹಾಕಿದಾಗ ಭಾರತವೂ ಪರವಾಗಿಯೇ ಕೈ ಎತ್ತಿತು. ಈ ಯಾವ ಮಾತಿನಲ್ಲೂ ಹಳೆಯ ಕೇಸಿನವರ ವಿಚಾರ ಬರಲಿಲ್ಲ.

ಕರ್ನಾಟಕದ ರಾಜಕೀಯಕ್ಕೆ ಕೇಸು ಮನ್ನಿಸುವುದು ಹೊಸತಲ್ಲ. ರೈತ ಹೋರಾಟ, ಭಾಷಾ ಚಳವಳಿ, ಗಲಭೆಗಳ ಪ್ರಕರಣಗಳನ್ನು ಹಿಂತೆಗೆಯುವ ನಿರ್ಧಾರವನ್ನು ಎಲ್ಲ ಪಕ್ಷಗಳ ಸರ್ಕಾರಗಳೂ ಮಾಡಿವೆ. 2024ರಲ್ಲಿ ಸಿದ್ದರಾಮಯ್ಯ ಸರ್ಕಾರ 43 ಪ್ರಕರಣ ಹಿಂತೆಗೆಯಲು ಹೊರಡಿಸಿದ ಆದೇಶವನ್ನು 2025ರ ಮೇ ತಿಂಗಳಲ್ಲಿ ಹೈಕೋರ್ಟ್ ರದ್ದು ಮಾಡಿತು. ಆ ಜಗಳದಲ್ಲಿ ಪ್ರತಿ ಕೇಸಿನ ಹಿಂದೆ ಒಂದು ಸಂಘಟನೆ, ಒಂದು ಮತಬ್ಯಾಂಕು ಇತ್ತು. ಗಾಂಜಾ ಸೇದಿ ದಂಡ ಕಟ್ಟಿದವರಿಗೆ ಸಂಘವಿಲ್ಲ, ಇದ್ದರೂ ಬ್ಯಾನರ್ ಹಿಡಿದು ಹೆಸರು ಹೇಳಿಕೊಳ್ಳುವವರಿಲ್ಲ. ಕರಾವಳಿಯಲ್ಲಿ ಕಾಂಗ್ರೆಸ್ಸೂ ಬಿಜೆಪಿಯೂ ಉಳಿದೆಲ್ಲ ವಿಷಯಕ್ಕೆ ಕಚ್ಚಾಡಿದರೂ ‘ಡ್ರಗ್ಸ್ ಮುಕ್ತ’ ಎಂಬ ಘೋಷಣೆಯಲ್ಲಿ ಒಂದೇ ದನಿ.

ಬೇಡ ಎನ್ನುವವರ ಮಾತು

ಕ್ಷಮೆ ಬೇಡ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ದೇಶದ ನಾನಾ ಕಡೆಯ ಮಕ್ಕಳು ಬಂದು ಓದುವ ಊರು ಮಣಿಪಾಲ. ಹರೆಯದಲ್ಲೇ ಶುರುವಾಗುವ ನಿತ್ಯದ ಗಾಂಜಾ ಚಟ ನೆನಪು, ಏಕಾಗ್ರತೆಯನ್ನು ಕುಂದಿಸುತ್ತದೆ, ಕೆಲವರಲ್ಲಿ ಚಿತ್ತವಿಕಲತೆಯ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಮನೋವೈದ್ಯರು ಎಚ್ಚರಿಸುತ್ತಾರೆ. ಗಾಂಜಾ ಮಾರುವವನ ಕೈಯಲ್ಲೇ ಎಂಡಿಎಂಎಯಂಥ ರಾಸಾಯನಿಕ ಮಾದಕವೂ ಇರಬಹುದು ಎಂಬ ಹೆದರಿಕೆ ತಂದೆತಾಯಿಗಳದ್ದು. ಸೇದುವವನನ್ನು ಹಿಡಿದರೇ ಪೆಡ್ಲರಿನ ಸುಳಿವು ಸಿಗುವುದು ಎನ್ನುವುದು ಪೊಲೀಸರ ಅನುಭವ. ಕ್ಷಮಿಸಿದರೆ ‘ಏನೂ ಆಗುವುದಿಲ್ಲ’ ಎಂಬ ಸಂದೇಶ ಹೋಗುತ್ತದೆ ಎಂಬುದು ಎಲ್ಲರ ಕಡೆಯ ಮಾತು.

ಇವೆಲ್ಲ ಇಂದು ಸೇದುವವನನ್ನು ಏನು ಮಾಡಬೇಕು ಎಂಬುದಕ್ಕೆ ಉತ್ತರಗಳು. ಎಂಟು ವರ್ಷದ ಹಿಂದೆ ಒಮ್ಮೆ ಸಿಕ್ಕಿಬಿದ್ದು, ದಂಡ ಕಟ್ಟಿ, ಮತ್ತೆ ಠಾಣೆಯ ಮೆಟ್ಟಿಲು ಹತ್ತದವನಿಂದ ಪೆಡ್ಲರಿನ ಸುಳಿವೂ ಸಿಗಲಾರದು. ಆತನ ಕಡತ ತೆರೆದಿಟ್ಟದ್ದರಿಂದ ಇಂದಿನ ಹುಡುಗ ಹೆದರುವುದೂ ಇಲ್ಲ, ಏಕೆಂದರೆ ಆ ಕಡತ ಹೀಗೆ ಬೆನ್ನು ಹತ್ತುತ್ತದೆ ಎಂಬುದೇ ಆ ಹುಡುಗನಿಗೆ ಗೊತ್ತಿಲ್ಲ.

ಇರುವ ಬಾಗಿಲುಗಳು

ಕಾಯ್ದೆಯೊಳಗೇ ಮೂರು ಸಣ್ಣ ಬಾಗಿಲುಗಳಿವೆ. ಮೊದಲನೆಯದು 64ಎ. ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರದ ಅಥವಾ ಅದು ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದಲೇ ವಿನಾಯಿತಿ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ವಿನಾಯಿತಿ ಹಿಂದಕ್ಕೆ. ಎರಡನೆಯದು 39. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ ಕೋರ್ಟ್ ಕೂಡಲೇ ಶಿಕ್ಷೆ ಕೊಡದೆ, ಆತನ ಒಪ್ಪಿಗೆ ಪಡೆದು ಚಿಕಿತ್ಸೆಗೆ ಕಳಿಸಬಹುದು. ಮೂರನೆಯದು ಪ್ರೊಬೇಷನ್, 27ನೇ ಸೆಕ್ಷನ್ನಿನವರಿಗೆ ಅದು ತೆರೆದಿದೆ. ಪ್ರೊಬೇಷನ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹಾಗೆ ಬಿಡುಗಡೆಯಾದವನಿಗೆ ಶಿಕ್ಷೆಗೆ ಅಂಟಿಕೊಂಡ ಅನರ್ಹತೆ ತಟ್ಟುವುದಿಲ್ಲ.

ಚಿಕಿತ್ಸೆಗೆ ದೂರ ಹೋಗಬೇಕಾಗಿಲ್ಲ. ಮಣಿಪಾಲದಲ್ಲಿ ಕೆಎಂಸಿಯ ಮನೋವೈದ್ಯಕೀಯ ವಿಭಾಗವಿದೆ. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ವ್ಯಸನಮುಕ್ತಿಯಲ್ಲಿ ಹೆಸರಾದದ್ದು. ಯಾವ ಆಸ್ಪತ್ರೆಯ ಚಿಕಿತ್ಸೆಯನ್ನು ಕೋರ್ಟ್ ಒಪ್ಪುತ್ತದೆ ಎಂಬುದನ್ನು ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ತೊಡಕೊಂದಿದೆ: ಮೊದಲೆರಡು ಬಾಗಿಲು ‘ವ್ಯಸನಿ’ಗೆ ಮಾತ್ರ. ಚಟಕ್ಕೆ ಬಿದ್ದವನಿಗೆ ಕಾನೂನು ಕೈಚಾಚುತ್ತದೆ, ಗೆಳೆಯರ ಜೊತೆ ಒಮ್ಮೆ ಸೇದಿದವನನ್ನು ಬಿಟ್ಟುಬಿಡುತ್ತದೆ.

ಹದಿನೆಂಟು ತುಂಬದವರ ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಉದಾರಿ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಕ್ಕಳ ಶಿಕ್ಷೆಯ ದಾಖಲೆಯನ್ನು ಮೇಲ್ಮನವಿಯ ಅವಧಿ ಅಥವಾ ತಕ್ಕ ಕಾಲ ಕಳೆದ ಮೇಲೆ ನಾಶಪಡಿಸಬೇಕು. ಹದಿನೇಳು ವರ್ಷ ಹನ್ನೊಂದು ತಿಂಗಳಾದವನ ಕಡತಕ್ಕೆ ಆಯುಸ್ಸಿದೆ, ಎರಡು ತಿಂಗಳು ದೊಡ್ಡವನಾದ ಆತನ ಸಹಪಾಠಿಯ ಕಡತಕ್ಕೆ ಇಲ್ಲ.

ಬ್ರಿಟನ್ 1974ರಲ್ಲೇ ಹಳೆಯ ಶಿಕ್ಷೆಗಳಿಗೆ ಅವಧಿ ಗೊತ್ತುಮಾಡುವ ಕಾನೂನು ಮಾಡಿತು. ಈಗ ಇಂಗ್ಲೆಂಡಿನಲ್ಲಿ ಬರೀ ದಂಡ ಕಟ್ಟಿದವನ ಶಿಕ್ಷೆ ವಯಸ್ಕರಿಗೆ ಒಂದು ವರ್ಷಕ್ಕೆ ತೀರಿಹೋಗುತ್ತದೆ. ಆಮೇಲೆ ಸಾಧಾರಣ ಕೆಲಸಗಳಿಗೆ ಅರ್ಜಿ ಹಾಕುವಾಗ ಅದನ್ನು ಹೇಳಬೇಕಾಗಿಲ್ಲ. ದಂಡ ಸಂಹಿತೆಯನ್ನು ಅವರಿಂದ ಪಡೆದ ನಾವು ಈ ಭಾಗವನ್ನು ತಂದುಕೊಳ್ಳಲಿಲ್ಲ.

ನಮ್ಮ ಸಂಸತ್ತು ಮಾಡಬಹುದಾದ ಕೆಲಸ ಕ್ಷಮಾದಾನಕ್ಕಿಂತ ಸಣ್ಣದು, ಹೆಚ್ಚು ಉಪಯೋಗದ್ದು. ಸ್ವಂತ ಬಳಕೆಗೆ ಇಟ್ಟುಕೊಂಡವನನ್ನು 2001ಕ್ಕೆ ಮೊದಲಿನಂತೆ ಸೇದಿದವನ ಸಾಲಿಗೆ ತರುವುದು. ಇಷ್ಟು ವರ್ಷ ಮತ್ತೆ ಕೇಸು ಬೀಳದಿದ್ದರೆ ಆ ದಾಖಲೆಯನ್ನು ಕೆಲಸಕ್ಕೂ ಪೊಲೀಸ್ ಸರ್ಟಿಫಿಕೇಟಿಗೂ ಎಣಿಸಬಾರದೆಂದು ಬರೆದಿಡುವುದು. ಇದನ್ನು ಅರ್ಜಿಗೆ ಬಿಡದೆ ತಾನಾಗಿ ಆಗುವಂತೆ ಮಾಡುವುದು; ಬಿಟ್ಟರೆ ಕೆನಡಾದಲ್ಲಿ ಆದದ್ದೇ ಇಲ್ಲಿಯೂ ಆದೀತು.

ಗಾಂಜಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಮುಗಿಯುವ ತನಕ ಇದಕ್ಕೆ ಕಾಯಬೇಕಾಗಿಲ್ಲ. ಕೆಟ್ಟದ್ದೆಂದೇ ಇಟ್ಟುಕೊಳ್ಳೋಣ. ಸೇದಿದ್ದಕ್ಕೆ ಆರು ತಿಂಗಳಿಗಿಂತ ಹೆಚ್ಚಿನ ಶಿಕ್ಷೆ ಬೇಡವೆಂದು ತೀರ್ಮಾನಿಸಿದ್ದು ಸಂಸತ್ತೇ. ಹತ್ತು ಸಾವಿರ ರೂಪಾಯಿಯೊಳಗಿನ ದಂಡಕ್ಕೆ ತೀರಬೇಕಾದ ತಪ್ಪನ್ನು ಯುವಕನೊಬ್ಬ ಮೂವತ್ತು, ನಲವತ್ತನೇ ವಯಸ್ಸಿನಲ್ಲೂ ಒಂದೊಂದು ಅರ್ಜಿಯಲ್ಲಿ ಮತ್ತೆ ಮತ್ತೆ ಒಪ್ಪಿಕೊಳ್ಳುತ್ತಿದ್ದರೆ, ಸಂಸತ್ತು ಬರೆದದ್ದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ಆತ ಆಗಲೇ ಅನುಭವಿಸಿಯಾಗಿದೆ.